ಪ್ರವಾಸಕ್ಕೆ ಹೊರಟ ಅನಿಲದ ಒಲೆ

ಮನೆಯನ್ನು ಬಿಟ್ಟು ದೂರ ಹೊರಡುವಾಗ ಬೆಂಕಿಯ ವ್ಯವಸ್ಥೆಯನ್ನು ಕುರಿತು ಯೋಚಿಸದ ಕಾಲವೇ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೊರಟ ಕುಟುಂಬವು ದಾರಿಯ ತೋಪಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲುಗಳನ್ನು ಹೂಡಿ, ಪುಳ್ಳೆ ಆಯ್ದು ತಂದು ಅನ್ನ ಬೇಯಿಸಿಕೊಳ್ಳುತ್ತಿತ್ತು. ಇಂದು ಬೆಂಗಳೂರಿನ ಪೂರ್ವದಲ್ಲಿರುವ ದೊಡ್ಡನೆಕ್ಕುಂದಿಯಂತಹ ಬಡಾವಣೆಯಿಂದ ಹೊರಡುವವರ ಗಾಡಿ ಬೇರೆ, ಬೆಂಕಿಯೂ ಬೇರೆ. ಶನಿವಾರ ಬೆಳಗ್ಗೆ ವ್ಯಾನೊಂದು ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಕೋಲಾರದ ಕಡೆಗೆ ಸಾಗುತ್ತದೆ. ಅದರ ಹಿಂಭಾಗದಲ್ಲಿ ಮಡಿಸಿಡಬಹುದಾದ ಸುಡುವ ಒಲೆ, ಅಂದರೆ ಗ್ರಿಲ್ಲು, ಅದರ ಪಕ್ಕದಲ್ಲಿ ಒಂದು ಚಿಕ್ಕ ಅನಿಲದ ಸಿಲಿಂಡರು. ಮಲಗುವ ಹಾಸಿಗೆ, ನೀರಿನ ತೊಟ್ಟಿಗಳನ್ನು ಒಳಗೊಂಡ ಮನೆಗಾಡಿಗಳೂ, ಎಂದರೆ ಕ್ಯಾರವಾನುಗಳೂ, ಈಗ ನಮ್ಮಲ್ಲಿ ಬಾಡಿಗೆಗೆ ದೊರೆಯುತ್ತವೆ.

ಮನೆಯ ಅಡುಗೆಯ ಕೋಣೆಯಲ್ಲಿ ಇದೇ ಅನಿಲವನ್ನು ದಿನವೂ ಉರಿಸುತ್ತೇವೆ. ಹಾಗಿರುವಾಗ ಪ್ರವಾಸದಲ್ಲಿ ಉರಿಸಲು ವಿಶೇಷವಾಗಿ ಕಲಿಯಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಉತ್ತರ ಸರಳವಾಗಿದೆ. ಮನೆಯಲ್ಲಿ ಸಿಲಿಂಡರು ಒಂದೇ ಕಡೆ ನೆಟ್ಟಗೆ ನಿಂತಿರುತ್ತದೆ. ಒಲೆ ಗಟ್ಟಿಯಾದ ಕಟ್ಟೆಯ ಮೇಲಿರುತ್ತದೆ. ಗೋಡೆ ಗಾಳಿಯನ್ನು ತಡೆಯುತ್ತದೆ. ಕಿಟಕಿ ಹೊಸ ಗಾಳಿಯನ್ನು ತರುತ್ತದೆ. ಇಷ್ಟೆಲ್ಲ ರಕ್ಷಣೆಯನ್ನು ಕಟ್ಟಡವೇ ನಮಗೆ ಒದಗಿಸುತ್ತಿರುವುದರಿಂದ ನಾವು ಅದನ್ನು ಗಮನಿಸುವುದೇ ಇಲ್ಲ. ಒಲೆಯನ್ನು ಹೊರಗೆ ಒಯ್ದ ಕೂಡಲೇ ಆ ಕೆಲಸವೆಲ್ಲ ನಮ್ಮ ಪಾಲಿಗೆ ಬರುತ್ತದೆ. ಅದನ್ನು ಸರಿಯಾಗಿ ಮಾಡಬೇಕಾದರೆ ಸಿಲಿಂಡರಿನೊಳಗಿನ ವಸ್ತುವಿನ ಸ್ವಭಾವವನ್ನು ಅರಿತಿರಬೇಕು.

ದ್ರವವಾಗಿ ಅಡಗಿರುವ ಅನಿಲ

ಅಮೆರಿಕದ ಗಣಿ ಇಲಾಖೆಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ವಾಲ್ಟರ್ ಸ್ನೆಲ್ಲಿಂಗ್ ಎಂಬುವನು 1910ರ ಸುಮಾರಿಗೆ ಪೆಟ್ರೋಲನ್ನು ಪರೀಕ್ಷಿಸುತ್ತಿದ್ದನು. ತುಂಬಿಸಿಟ್ಟ ಪೆಟ್ರೋಲಿನ ಒಂದು ಭಾಗ ಆವಿಯಾಗಿ ಹಾರಿಹೋಗುತ್ತಿದ್ದುದು ಅವನ ಕುತೂಹಲವನ್ನು ಕೆರಳಿಸಿತು. ಹೀಗೆ ಹಾರಿಹೋಗುತ್ತಿದ್ದ ಪದಾರ್ಥಗಳಲ್ಲಿ ಪ್ರೋಪೇನ್ ಮತ್ತು ಬ್ಯುಟೇನ್‌ಗಳು ಮುಖ್ಯವೆಂದು ಅವನು ಕಂಡುಕೊಂಡನು. ಇವನ್ನು ಒತ್ತಡದಲ್ಲಿಟ್ಟರೆ ದ್ರವವಾಗುತ್ತವೆ; ಒತ್ತಡವನ್ನು ತೆಗೆದರೆ ಮತ್ತೆ ಅನಿಲವಾಗುತ್ತವೆ. ಈ ಒಂದು ಗುಣದ ಮೇಲೆಯೇ ಇಂದಿನ ಅಡುಗೆ ಅನಿಲದ ಉದ್ಯಮವೆಲ್ಲ ನಿಂತಿದೆ. ಭಾರತದಲ್ಲಿ 1955ರಲ್ಲಿ ಬರ್ಮಾ ಷೆಲ್ ಕಂಪೆನಿಯು ಮುಂಬಯಿಯಲ್ಲಿ ಇದನ್ನು ಮಾರಾಟಕ್ಕೆ ತಂದಿತು. 1965ರಲ್ಲಿ ಇಂಡೇನ್ ಹೆಸರಿನ ಮೊದಲ ಸಂಪರ್ಕ ಕಲ್ಕತ್ತೆಯಲ್ಲಿ ದೊರೆಯಿತು.

ಒಂದು ಪಾಲು ದ್ರವವು ಅನಿಲವಾದಾಗ ಸುಮಾರು 250 ಪಾಲು ಜಾಗವನ್ನು ಬೇಡುತ್ತದೆ. ಆದುದರಿಂದಲೇ ಐದು ಕಿಲೋಗ್ರಾಂ ಇಂಧನವನ್ನು ಒಬ್ಬ ಹುಡುಗ ಎತ್ತಿಕೊಂಡು ಹೋಗಬಹುದಾದ ಪಾತ್ರೆಯಲ್ಲಿ ಅಡಗಿಸಲು ಸಾಧ್ಯವಾಗಿದೆ. ಸಿಲಿಂಡರನ್ನು ಪೂರ್ತಿಯಾಗಿ ತುಂಬುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಬಿಸಿಯಾದಾಗ ದ್ರವ ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಉಕ್ಕಿನ ಪಾತ್ರೆಯನ್ನೂ ಒಡೆಯಬಲ್ಲುದು. ಹೀಗಾಗಿ ಒಳಗಿನ ಜಾಗದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಆವಿಗಾಗಿ ಬಿಡಲಾಗುತ್ತದೆ. ಒಲೆಗೆ ಹೋಗುವುದು ದ್ರವದ ಮೇಲೆ ನಿಂತಿರುವ ಈ ಆವಿ.

ಇಲ್ಲಿಂದ ಮೊದಲನೆಯ ನಿಯಮ ತಾನಾಗಿಯೇ ಹೊರಡುತ್ತದೆ. ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕು. ವ್ಯಾನಿನಲ್ಲಿ ಉರುಳಬಾರದೆಂದು ಅದನ್ನು ಮಲಗಿಸಿಡುವವರುಂಟು. ಮಲಗಿದ ಸಿಲಿಂಡರಿನಲ್ಲಿ ಕವಾಟದ ಬಾಯಿಗೆ ಆವಿಯ ಬದಲು ದ್ರವ ಬಂದು ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಒಲೆ ಹೊತ್ತಿಸಿದರೆ ದ್ರವವೇ ನಳಿಗೆಯನ್ನು ಹೊಕ್ಕು, ಅಲ್ಲಿ ನೂರಾರು ಪಟ್ಟು ಹಿಗ್ಗಿ, ಜ್ವಾಲೆ ಆಳುದ್ದ ಎದ್ದೀತು. ಪ್ರಯಾಣದಲ್ಲಿ ಕವಾಟವನ್ನು ಮುಚ್ಚಿ, ಅದರ ಮೇಲೆ ರಕ್ಷಣೆಯ ಬಿರಡೆಯನ್ನು ಹಾಕಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಪಟ್ಟಿಯಿಂದ ಬಿಗಿದು ಕಟ್ಟಬೇಕು.

ಪ್ರೋಪೇನೋ, ಬ್ಯುಟೇನೋ?

ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಪ್ರೋಪೇನಿನ ಕುದಿಬಿಂದು ಸೊನ್ನೆಗಿಂತ 42 ಡಿಗ್ರಿ ಕೆಳಗೆ; ಬ್ಯುಟೇನಿನದು ಸೊನ್ನೆಗಿಂತ ಅರ್ಧ ಡಿಗ್ರಿ ಮಾತ್ರ ಕೆಳಗೆ. ಈ ಅಂತರದ ಪರಿಣಾಮ ದೊಡ್ಡದು. 20 ಡಿಗ್ರಿಯ ಹವೆಯಲ್ಲಿ ಮುಚ್ಚಿದ ಪಾತ್ರೆಯೊಳಗೆ ಪ್ರೋಪೇನಿನ ಒತ್ತಡ ವಾಯುಮಂಡಲದ ಒತ್ತಡದ ಎಂಟು ಪಟ್ಟಿಗೂ ಮೀರಿರುತ್ತದೆ. ಬ್ಯುಟೇನಿನ ಒತ್ತಡ ಎರಡು ಪಟ್ಟಿನಷ್ಟು. ಹಿಮ ಬೀಳುವ ಅಮೆರಿಕದ ರಾಜ್ಯಗಳಲ್ಲಿ ಬ್ಯುಟೇನ್ ಚಳಿಗಾಲದಲ್ಲಿ ಆವಿಯಾಗಲು ಹಿಂಜರಿಯುತ್ತದೆ. ಆದುದರಿಂದ ಅಲ್ಲಿನ ಮನೆಗಾಡಿಗಳಲ್ಲಿ ಪ್ರೋಪೇನನ್ನೇ ಬಳಸುತ್ತಾರೆ. ನಮ್ಮ ಬೆಚ್ಚಗಿನ ನಾಡಿನಲ್ಲಿ ಆ ತೊಂದರೆಯಿಲ್ಲ. ನಮ್ಮ ಅಡುಗೆ ಅನಿಲವು ಈ ಎರಡರ ಬೆರಕೆ.

ಈ ಭೇದವನ್ನು ಅರಿಯದೆ ಕೆಲವರು ವಿದೇಶದಿಂದ ಬಂಧುಗಳು ತಂದ ಪ್ರೋಪೇನ್ ಗ್ರಿಲ್ಲನ್ನು ಇಲ್ಲಿನ ಸಿಲಿಂಡರಿಗೆ ಜೋಡಿಸಲು ಹವಣಿಸುತ್ತಾರೆ. ಕವಾಟಗಳ ಅಳತೆ ಕೂಡುವುದಿಲ್ಲ. ಹೇಗೋ ಕೂಡಿಸಿದರೂ ಇನ್ನೊಂದು ಅಡ್ಡಿಯುಂಟು. ಒಂದು ಪಾಲು ಪ್ರೋಪೇನ್ ಪೂರ್ಣವಾಗಿ ಉರಿಯಲು ಸುಮಾರು 24 ಪಾಲು ಗಾಳಿ ಸಾಕು. ಬ್ಯುಟೇನಿಗೆ 31 ಪಾಲು ಬೇಕು. ಪ್ರೋಪೇನಿಗೆ ಅಳವಡಿಸಿದ ಬರ್ನರಿನಲ್ಲಿ ನಮ್ಮ ಬೆರಕೆಯ ಅನಿಲ ಉರಿದಾಗ ಗಾಳಿ ಸಾಲದೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ವಿಷಾನಿಲವೂ ಹುಟ್ಟುತ್ತದೆ. ನಮ್ಮ ಅನಿಲಕ್ಕೆಂದೇ ತಯಾರಾದ, ಐ.ಎಸ್.ಐ. ಮುದ್ರೆಯುಳ್ಳ ಒಲೆಯನ್ನೇ ಕೊಳ್ಳುವುದು ಲೇಸು.

ಸಿಲಿಂಡರಿನ ಆಯ್ಕೆ

ಮನೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಉಕ್ಕಿನ ತೂಕವೂ ಸೇರಿದರೆ ಮೂವತ್ತು ಕಿಲೋಗ್ರಾಮಿನ ಹತ್ತಿರ ಬರುತ್ತದೆ. ಪ್ರವಾಸಕ್ಕೆ ಅದರ ಅಗತ್ಯವಿದೆಯೆ? ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದೊಡ್ಡನೆಕ್ಕುಂದಿಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಅಲ್ಲಿಗೆ ಏರಿಸಲು 72 ಕಿಲೋಕ್ಯಾಲೊರಿ ಉಷ್ಣ ಬೇಕು. ಒಲೆಯ ಉಷ್ಣದಲ್ಲಿ ಮೂರನೆಯ ಎರಡು ಪಾಲು ಪಾತ್ರೆಗೆ ಸೇರುತ್ತದೆಂದು ಇಟ್ಟುಕೊಂಡರೆ ಸುಮಾರು 110 ಕಿಲೋಕ್ಯಾಲೊರಿಯನ್ನು ಉತ್ಪಾದಿಸಬೇಕು. ಒಂದು ಗ್ರಾಂ ಅನಿಲ ಸುಮಾರು 11 ಕಿಲೋಕ್ಯಾಲೊರಿ ಕೊಡುತ್ತದೆ. ಎಂದರೆ ಒಂದು ಲೀಟರ್ ನೀರು ಕುದಿಯಲು ಹತ್ತೇ ಗ್ರಾಂ ಸಾಕು! ಬಯಲಿನ ಗಾಳಿಗೆ ಅರ್ಧ ಉಷ್ಣ ಹಾರಿಹೋದರೂ ಇಪ್ಪತ್ತು ಗ್ರಾಂ. ಐದಾರು ಮಂದಿಯ ಎರಡು ದಿನದ ಅಡುಗೆಗೆ ಒಂದು ಕಿಲೋಗ್ರಾಂ ಒದಗೀತು. ಐದು ಕಿಲೋಗ್ರಾಮಿನ ಸಿಲಿಂಡರು ಧಾರಾಳವಾಯಿತು.

ಅಂತಹ ಸಿಲಿಂಡರನ್ನು ನ್ಯಾಯವಾಗಿ ಪಡೆಯುವ ದಾರಿಯೂ ಇದೆ. ಸಂಪರ್ಕಪತ್ರವಿಲ್ಲದವರೂ ಗುರುತಿನ ಚೀಟಿ ತೋರಿಸಿ ಐದು ಕಿಲೋಗ್ರಾಮಿನ ಸಿಲಿಂಡರನ್ನು ಪೆಟ್ರೋಲ್ ಬಂಕುಗಳಲ್ಲಿ ಕೊಳ್ಳುವ ಯೋಜನೆಗೆ 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿಯೇ ಅಂದಿನ ಪೆಟ್ರೋಲಿಯಂ ಸಚಿವ ವೀರಪ್ಪ ಮೊಯಿಲಿಯವರು ಚಾಲನೆ ಕೊಟ್ಟರು. ಇಂಡೇನಿನ ಈ ಸಿಲಿಂಡರಿಗೆ 2020ರಲ್ಲಿ 'ಛೋಟು' ಎಂಬ ಹೆಸರು ಬಂದಿತು. ಕೆಲಸವನ್ನೋ ವಿದ್ಯೆಯನ್ನೋ ಅರಸಿ ಬಂದು ಬಾಡಿಗೆಯ ಕೋಣೆಗಳಲ್ಲಿ ವಾಸಿಸುವವರು ತುಂಬಿರುವ ಬಡಾವಣೆಗಳಿಗೆ ಇದು ದೊಡ್ಡ ಅನುಕೂಲ.

ಆದರೆ ಇಂತಹ ಬಡಾವಣೆಗಳಲ್ಲಿಯೇ ಇನ್ನೊಂದು ಬಗೆಯ ಸಿಲಿಂಡರೂ ಕಾಣಸಿಗುತ್ತದೆ. ಎರಡು ಮೂರು ಕಿಲೋಗ್ರಾಮಿನ ತೆಳುವಾದ ಪಾತ್ರೆ; ರೆಗ್ಯುಲೇಟರಿಲ್ಲ; ತಲೆಯ ಮೇಲೆಯೇ ಬರ್ನರು. ದೊಡ್ಡ ಸಿಲಿಂಡರಿನಿಂದ ಅಂಗಡಿಯ ಹಿಂದೆ ಕೈಯಿಂದಲೇ ಅನಿಲ ತುಂಬಿಸಿಕೊಡುತ್ತಾರೆ. ಅಗ್ಗವೆಂದೂ ಹಗುರವೆಂದೂ ವಿದ್ಯಾರ್ಥಿಗಳು ಅದನ್ನೇ ಪ್ರವಾಸಕ್ಕೆ ಒಯ್ಯುವುದುಂಟು. ಹೀಗೆ ತುಂಬಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಆವಿಗೆ ಬಿಡಬೇಕಾದ ಜಾಗವನ್ನು ಬಿಟ್ಟರೋ ಇಲ್ಲವೋ ಅಳೆಯುವವರಿಲ್ಲ. ಅಡುಗೆಯ ಉಷ್ಣವೋ ನೇರವಾಗಿ ಅದೇ ಪಾತ್ರೆಯ ನೆತ್ತಿಗೆ ಇಳಿಯುತ್ತದೆ. ದ್ರವ ಹಿಗ್ಗುವ ವಿಷಯವನ್ನು ಮೇಲೆ ಓದಿದ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕೃತ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚಿ, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ ಡಿಯವರೆಗೆ ವರ್ಷದ ನಾಲ್ಕು ಭಾಗಗಳು. 'ಬಿ 28' ಎಂದಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಪಾತ್ರೆಯನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕೆಂದು ಅರ್ಥ. ಅವಧಿ ಮೀರಿದುದನ್ನು ತೆಗೆದುಕೊಳ್ಳಬಾರದು.

ಒತ್ತಡವನ್ನು ಪಳಗಿಸುವ ಬಗೆ

ಸಿಲಿಂಡರಿನೊಳಗಿನ ಒತ್ತಡವನ್ನು ನೇರವಾಗಿ ಒಲೆಗೆ ಹರಿಸಲಾಗದು. ನಡುವೆ ರೆಗ್ಯುಲೇಟರು ಬೇಕು. ಒಳಗಿನ ಒತ್ತಡ ಎಷ್ಟೇ ಏರಿಳಿದರೂ ಮನೆಬಳಕೆಯ ರೆಗ್ಯುಲೇಟರು ಒಲೆಗೆ ಕೊಡುವುದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡವನ್ನು ಮಾತ್ರ. ಒಂದು ಅಡಿ ಎತ್ತರದ ನೀರು ತನ್ನ ತಳದ ಮೇಲೆ ಹಾಕುವ ಭಾರ ಅಷ್ಟೇ. ಅದರೊಳಗೆ ಸ್ಪ್ರಿಂಗಿನ ಬಲಕ್ಕೆ ಸಿಕ್ಕ ರಬ್ಬರಿನ ಪೊರೆಯೊಂದಿದೆ. ಅನಿಲ ಹೆಚ್ಚು ನುಗ್ಗಿದರೆ ಪೊರೆ ಮೇಲೆದ್ದು ದ್ವಾರವನ್ನು ಕಿರಿದು ಮಾಡುತ್ತದೆ; ಕಡಿಮೆಯಾದರೆ ಕೆಳಗಿಳಿದು ದ್ವಾರವನ್ನು ಅಗಲಿಸುತ್ತದೆ. ಇದು ನಿದ್ರೆಯಿಲ್ಲದ ಕಾವಲುಗಾರ. ಇದನ್ನು ತೆಗೆದುಹಾಕಿ ಕೆಲಸ ಮಾಡುವ ಯಾವ ಜಾಣ್ಮೆಯೂ ಜಾಣ್ಮೆಯಲ್ಲ.

ರೆಗ್ಯುಲೇಟರಿನಿಂದ ಹೊರಟ ಅನಿಲ ಬರ್ನರಿನ ಸೂಜಿಮೊನೆಯಷ್ಟು ಕಿರಿದಾದ ರಂಧ್ರದಿಂದ ಚಿಮ್ಮುವಾಗ ಸುತ್ತಲ ಗಾಳಿಯನ್ನು ತನ್ನೊಡನೆ ಸೆಳೆದುಕೊಳ್ಳುತ್ತದೆ. ಪ್ರಯೋಗಶಾಲೆಯ ಬುನ್ಸೆನ್ ದೀಪದ ತತ್ತ್ವವೇ ಇಲ್ಲಿಯೂ ಇದೆ. ಜ್ವಾಲೆ ನೀಲಿಯಾಗಿದ್ದರೆ ಗಾಳಿ ಸಾಕಷ್ಟಿದೆ. ಹಳದಿಯಾದರೆ ಗಾಳಿಯ ದ್ವಾರದಲ್ಲಿ ಧೂಳೋ ಜೇಡನ ಬಲೆಯೋ ಸೇರಿದೆಯೆಂದು ಸಂದೇಹಪಡಬೇಕು. ಬಹುಕಾಲ ಮೂಲೆಯಲ್ಲಿದ್ದ ಒಲೆಯನ್ನು ಹೊರಡುವ ಹಿಂದಿನ ದಿನವೇ ಒರೆಸಿ, ಹೊತ್ತಿಸಿ ನೋಡುವುದು ಈ ಕಾರಣಕ್ಕಾಗಿ.

ಚಿಕ್ಕ ಸಿಲಿಂಡರಿಗೆ ದೊಡ್ಡ ಗ್ರಿಲ್ಲನ್ನು ಜೋಡಿಸಿದರೆ ಕೆಲವೊಮ್ಮೆ ಜ್ವಾಲೆ ಕ್ರಮೇಣ ಕುಗ್ಗುತ್ತದೆ; ಸಿಲಿಂಡರನ್ನು ಮುಟ್ಟಿದರೆ ತಣ್ಣಗಿರುತ್ತದೆ, ಹೊರಮೈ ಬೆವರಿರುತ್ತದೆ. ಅನಿಲ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಒಂದು ಕಿಲೋಗ್ರಾಂ ದ್ರವ ಆವಿಯಾಗಲು 80ರಿಂದ 90 ಕಿಲೋಕ್ಯಾಲೊರಿ ಗುಪ್ತೋಷ್ಣ ಬೇಕು. ಅದನ್ನು ದ್ರವವು ತನ್ನಿಂದಲೂ ಪಾತ್ರೆಯ ಗೋಡೆಯಿಂದಲೂ ಪಡೆಯುತ್ತದೆ. ಆವಿಯಾಗುವ ವೇಗ ಹೆಚ್ಚಾದರೆ ಹೊರಗಿನಿಂದ ಅಷ್ಟು ಬೇಗ ಉಷ್ಣ ಒಳಗೆ ಬರಲಾರದು. ದ್ರವ ತಣಿಯುತ್ತದೆ, ಒತ್ತಡ ಇಳಿಯುತ್ತದೆ. ಆಗ ಉರಿಯನ್ನು ತಗ್ಗಿಸಿ ಕಾಯಬೇಕು. ಬಿಸಿನೀರನ್ನು ಸುರಿಯುವುದಾಗಲಿ ಬೆಂಕಿಯ ಹತ್ತಿರಕ್ಕೆ ಎಳೆಯುವುದಾಗಲಿ ಎಂದಿಗೂ ಸಲ್ಲದು.

ನೀರಿನಂತೆ ಹರಿಯುವ ಅನಿಲ

ಅಡುಗೆ ಅನಿಲದ ಅತಿ ಮುಖ್ಯವಾದ ಗುಣವೊಂದನ್ನು ಇನ್ನೂ ಹೇಳಿಲ್ಲ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲಕ್ಕೆ ಹೋಗುವುದಿಲ್ಲ. ನೆಲಕ್ಕೆ ಇಳಿದು, ತಗ್ಗನ್ನು ಹುಡುಕಿಕೊಂಡು ಹರಿದು, ಹಳ್ಳ ಸಿಕ್ಕಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೆ ಸಾಕು, ಕಿಡಿಯೊಂದು ಅದನ್ನು ಹೊತ್ತಿಸಬಲ್ಲುದು. ನೂರೇ ಗ್ರಾಂ ಸೋರಿತೆನ್ನಿ. ಅದು ಸುಮಾರು 50 ಲೀಟರ್ ಅನಿಲವಾಗುತ್ತದೆ. ಎರಡೂವರೆ ಘನಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡುತ್ತದೆ. ಮುಚ್ಚಿದ ವ್ಯಾನಿನ ತಳವೆಲ್ಲ ತುಂಬಲು ಅಷ್ಟು ಸಾಕಲ್ಲವೆ?

ಒಳ್ಳೆಯ ಮನೆಗಾಡಿಗಳನ್ನು ಕಟ್ಟುವವರು ಈ ಗುಣವನ್ನು ಅರಿತೇ ಸಿಲಿಂಡರಿಗೆ ಪ್ರತ್ಯೇಕವಾದ ಗೂಡನ್ನು ಮಾಡುತ್ತಾರೆ. ಗೂಡಿನ ಬಾಗಿಲು ಹೊರಕ್ಕೆ, ಮಲಗುವ ಭಾಗಕ್ಕೆ ಸಂಬಂಧವಿಲ್ಲ, ತಳದಲ್ಲಿ ತೂತು. ಸೋರಿದ್ದು ಕೆಳಗಿನ ತೂತಿನಿಂದ ಬಯಲಿಗೆ ಇಳಿದುಹೋಗುತ್ತದೆ. ಆ ತೂತನ್ನು ಧೂಳು ಬರುತ್ತದೆಂದು ಬಟ್ಟೆಯಿಂದ ಮುಚ್ಚುವುದು ಅಪಾಯವನ್ನು ಆಹ್ವಾನಿಸಿದಂತೆ. ಸಾಮಾನ್ಯ ಕಾರಿನಲ್ಲಿ ಒಯ್ಯುವಾಗ ಕಿಟಕಿಯನ್ನು ತುಸು ತೆರೆದಿಟ್ಟು, ತಲುಪಿದ ಕೂಡಲೇ ಸಿಲಿಂಡರನ್ನು ಕೆಳಗಿಳಿಸಿ ನೆರಳಿನಲ್ಲಿಡಬೇಕು. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಉಷ್ಣತೆ 50 ಡಿಗ್ರಿಯನ್ನು ದಾಟಬಹುದು.

ರೈಲಿನಲ್ಲಂತೂ ಸಿಲಿಂಡರನ್ನು ಒಯ್ಯಲೇಬಾರದು. 1989ರ ರೈಲ್ವೆ ಕಾಯಿದೆ ಅದನ್ನು ನಿಷೇಧಿಸಿ ಶಿಕ್ಷೆಯನ್ನೂ ವಿಧಿಸುತ್ತದೆ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯ ನಿಲ್ದಾಣದ ಬಳಿ ಪ್ರವಾಸಿಗಳ ಖಾಸಗಿ ಬೋಗಿಯೊಂದು ನಿಂತಿತ್ತು. ಲಖನೌದಿಂದ ಬಂದಿದ್ದ ಯಾತ್ರಿಕರು ಗುಟ್ಟಾಗಿ ತಂದಿದ್ದ ಅನಿಲದ ಸಿಲಿಂಡರಿನಿಂದ ಬೆಂಕಿ ಹತ್ತಿಕೊಂಡು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ದೇವರ ದರ್ಶನಕ್ಕೆ ಹೊರಟವರು, ಮುಂಜಾನೆ ಒಂದು ಲೋಟ ಚಹಾ ಬಯಸಿದವರು. ಇಕ್ಕಟ್ಟಾದ ಬೋಗಿಯಲ್ಲಿ ಅನಿಲ ಹರಿದುಹೋಗಲು ದಾರಿಯಿಲ್ಲ, ಮನುಷ್ಯರು ಓಡಿಹೋಗಲು ಕೂಡ ದಾರಿ ಕಿರಿದು.

ಒಲೆ ಹೂಡುವ ಕ್ರಮ

ಈಗ ತಂಗುವ ಸ್ಥಳವನ್ನು ತಲುಪಿದ್ದೇವೆಂದು ಭಾವಿಸೋಣ. ಮೊದಲು ಆ ಸ್ಥಳದಲ್ಲಿ ಬೆಂಕಿಗೆ ಅನುಮತಿಯುಂಟೆ ಎಂದು ವಿಚಾರಿಸಬೇಕು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆ ತಡೆಯುತ್ತದೆ. ಅನುಮತಿಯಿದ್ದ ಕಡೆ, ಒಣಹುಲ್ಲಿಲ್ಲದ ಸಮತಟ್ಟಾದ ನೆಲವನ್ನು ಆರಿಸಬೇಕು. ಹಳ್ಳದ ತಗ್ಗು ಬೇಡ. ವಾಹನದಿಂದಲೂ ಡೇರೆಯಿಂದಲೂ ಮೂರು ಮೀಟರಿನಷ್ಟಾದರೂ ದೂರವಿರಲಿ. ಸಿಲಿಂಡರನ್ನು ಗ್ರಿಲ್ಲಿನ ಕೆಳಗಿಡದೆ ಪಕ್ಕಕ್ಕೆ, ಗಾಳಿ ಬೀಸಿಬರುವ ಕಡೆಗೆ, ನೆಟ್ಟಗೆ ನಿಲ್ಲಿಸಬೇಕು. ಐ.ಎಸ್.ಐ. ಮುದ್ರೆಯುಳ್ಳ ರಬ್ಬರು ನಳಿಗೆ ಬಿಸಿ ಲೋಹಕ್ಕೆ ತಾಗದಂತೆ, ಯಾರೂ ಎಡವದಂತೆ ಹಾಯಲಿ. ಬಿರುಕು ಬಿಟ್ಟ ನಳಿಗೆಯನ್ನು ಮನೆಯಲ್ಲಿಯೇ ಬದಲಿಸಿರಬೇಕು.

ಒಲೆಯ ತಿರುಪುಗಳು ಮುಚ್ಚಿರುವಾಗಲೇ ರೆಗ್ಯುಲೇಟರನ್ನು ತೆರೆದು, ಎಲ್ಲ ಕೂಡುಗಳಿಗೂ ಸಾಬೂನಿನ ನೀರನ್ನು ಹಚ್ಚಬೇಕು. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ಸೋರಿಕೆಯನ್ನು ಹುಡುಕುವುದು ಮೂರ್ಖತನ. ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ನಮ್ಮ ಮೂಗು ಎಚ್ಚರಗೊಳ್ಳಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ಪದಾರ್ಥವನ್ನು ಬೆರೆಸಿರುತ್ತಾರೆ. ಮನೆಯ ನೆಲದಲ್ಲಿ ನಿಂತು ಬರುವ ವಾಸನೆ ಬಯಲಿನಲ್ಲಿ ಗಾಳಿಗೆ ಚದುರಿಹೋಗುವುದರಿಂದ ಸಾಬೂನಿನ ಪರೀಕ್ಷೆಯನ್ನು ಬಿಡಲಾಗದು. ಹೊತ್ತಿಸುವಾಗ ಗ್ರಿಲ್ಲಿನ ಮುಚ್ಚಳ ತೆರೆದಿರಲಿ. ಮೊದಲು ಕಡ್ಡಿ, ಆಮೇಲೆ ತಿರುಪು. ಆರಿಸುವಾಗ ಮೊದಲು ಸಿಲಿಂಡರಿನ ಕಡೆ ಮುಚ್ಚಿ, ನಳಿಗೆಯಲ್ಲಿ ಉಳಿದುದು ಉರಿದುಹೋಗಲು ಬಿಟ್ಟು, ಅನಂತರ ಒಲೆಯ ತಿರುಪನ್ನು ಮುಚ್ಚಬೇಕು. ಗಾಳಿಗೆ ಮರೆ ಕಟ್ಟುವುದಾದರೆ ಬರ್ನರಿಗೆ ಮಾತ್ರ ಕಟ್ಟಿ; ಸಿಲಿಂಡರನ್ನು ಮರೆಯೊಳಗೆ ಸೇರಿಸಿದರೆ ಅದೂ ಕಾಯುತ್ತದೆ.

ಇಷ್ಟಾದ ಮೇಲೆ ಗ್ರಿಲ್ಲಿನ ಸೊಗಸನ್ನು ಅನುಭವಿಸಬಹುದು. ಕುದಿಯುವ ನೀರು ತನ್ನ ಕುದಿಬಿಂದುವನ್ನು ಮೀರಲಾರದು. ಕಾದ ಕಬ್ಬಿಣದ ಸರಳುಗಳು 200 ಡಿಗ್ರಿಯನ್ನೂ ಮೀರುತ್ತವೆ. ಮುಸುಕಿನ ಜೋಳದ ತೆನೆಯಾಗಲಿ ಬದನೆಕಾಯಾಗಲಿ ಕೆಂಪಗೆ ಸುಟ್ಟು ಹೊಸ ಪರಿಮಳವನ್ನು ಪಡೆಯುವುದು 140 ಡಿಗ್ರಿಯ ಮೇಲೆ, ಸಕ್ಕರೆ ಸಸಾರಜನಕಗಳು ಕೂಡಿಕೊಂಡಾಗ. ಬೇಯಿಸಿದ ತೆನೆಗೂ ಸುಟ್ಟ ತೆನೆಗೂ ಇರುವ ರುಚಿಯ ಅಂತರ ಇಲ್ಲಿಂದ ಬಂದುದು.

ಮಳೆ ಬಂದರೆ?

ಪ್ರವಾಸದ ಒಲೆಯ ನಿಜವಾದ ಪರೀಕ್ಷೆ ನಡೆಯುವುದು ಮಳೆಯೋ ಚಳಿಯೋ ಬಂದಾಗ. ಗ್ರಿಲ್ಲನ್ನು ಡೇರೆಯೊಳಗೋ ವ್ಯಾನಿನೊಳಗೋ ತರಬೇಕೆಂಬ ಆಸೆ ಆಗ ಹುಟ್ಟುತ್ತದೆ. ಒಂದು ಕಿಲೋಗ್ರಾಂ ಅನಿಲ ಉರಿಯಲು ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಅಷ್ಟನ್ನು ಒದಗಿಸಲು ಒಂದು ಸಣ್ಣ ಕೋಣೆಯ ಗಾಳಿಯೆಲ್ಲ, ಸುಮಾರು 13 ಘನಮೀಟರ್, ಬರಿದಾಗಬೇಕು. ಆದರೆ ಅಪಾಯ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಆಮ್ಲಜನಕ ತಗ್ಗತೊಡಗಿದೊಡನೆ ದಹನ ಅಪೂರ್ಣವಾಗಿ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ನಿದ್ರೆ. ಆ ನಿದ್ರೆಯಿಂದ ಏಳದವರೂ ಉಂಟು. ಇದ್ದಿಲಿನ ಅಗ್ಗಿಷ್ಟಿಕೆ ಇನ್ನೂ ಹೆಚ್ಚು ವಿಷವನ್ನು ಉಗುಳುತ್ತದೆ. ಚಳಿಗೆ ಕಂಬಳಿ ಹೊದೆಯಬೇಕು. ಒಲೆಯನ್ನು ಮಲಗುವ ಜಾಗಕ್ಕೆ ತರಬಾರದು. ಮಳೆಯ ರಾತ್ರಿ ಅವಲಕ್ಕಿ ಮೊಸರಿನಲ್ಲಿ ಕಳೆದರೆ ನಷ್ಟವೇನೂ ಇಲ್ಲ.

ಸೋರಿಕೆಯ ವಾಸನೆ ಬಂದರೆ ಸಿಲಿಂಡರನ್ನು ಮುಚ್ಚಿ, ವಿದ್ಯುತ್ತಿನ ಗುಂಡಿಗಳನ್ನು ಮುಟ್ಟದೆ, ಎಲ್ಲರೂ ದೂರ ಸರಿಯಬೇಕು. ಅಡುಗೆ ಅನಿಲದ ಸೋರಿಕೆಗೆಂದೇ ಇರುವ ದೂರವಾಣಿ ಸಂಖ್ಯೆ 1906. ಯಾವುದೇ ತುರ್ತಿಗೆ 112.

ಇಲ್ಲಿ ಹೇಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಳಗಿರುವುದು ಹಿಗ್ಗಲು ಕಾದಿರುವ ದ್ರವ. ಹೊರಬಂದರೆ ಅದು ತಗ್ಗಿಗೆ ಹರಿಯುವ ಭಾರವಾದ ಅನಿಲ. ಉರಿಯಲು ಅದಕ್ಕೆ ಧಾರಾಳವಾದ ಗಾಳಿ ಬೇಕು. ಈ ಮೂರು ಸಂಗತಿಗಳನ್ನು ನೆನಪಿನಲ್ಲಿಟ್ಟವನು ಹೊಸ ಜಾಗದಲ್ಲಿ, ಹೊಸ ಒಲೆಯ ಮುಂದೆ, ಏನು ಮಾಡಬೇಕೆಂಬುದನ್ನು ತಾನೇ ಕಂಡುಕೊಳ್ಳಬಲ್ಲನು. ತರಗತಿಯಲ್ಲಿ ಓದಿದ ಒತ್ತಡ, ಗುಪ್ತೋಷ್ಣ, ಸಾಂದ್ರತೆಗಳು ಪರೀಕ್ಷೆಯ ಕಾಗದದಿಂದ ಹೊರಬಂದು ಐದಾರು ಗೆಳೆಯರ ಪ್ರಾಣವನ್ನು ಕಾಯುವುದು ಇಂತಹ ಕಡೆಯಲ್ಲಿ.